ಹಳ್ಳಿಯ ಹೈಸ್ಕೂಲಿಗೆ ಹೆಗಲು ಕೊಟ್ಟ ಕರ್ಮವೀರ ಭಾವೂರಾವ್ ಪಾಟೀಲ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಪುಣೆ-ಬೆಂಗಳೂರು ಹೆದ್ದಾರಿ ಹೊಸದೇನಲ್ಲ. ಬೇಸಿಗೆ ರಜೆಗೆ, ಊರ ಜಾತ್ರೆಗೆ, ಮದುವೆ ಮುಂಜಿಗಳಿಗೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡದತ್ತ ಹೊರಟವರು ಈ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿರುತ್ತಾರೆ. ಸಾತಾರಾ ಮತ್ತು ಕರಾಡ ಪರಿಸರದಲ್ಲಿ ಸಾಗುವಾಗ ಶಾಲೆ ಕಾಲೇಜುಗಳ ಮುಂದಿನ ಫಲಕಗಳಲ್ಲಿ ರಯತ್ ಶಿಕ್ಷಣ ಸಂಸ್ಥೆ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಜೊತೆಯಲ್ಲಿ ಒಂದು ಆಲದ ಮರದ ಚಿಹ್ನೆಯಿರುತ್ತದೆ. ಬಿಳಲುಗಳನ್ನು ಇಳಿಬಿಟ್ಟು, ಆ ಬಿಳಲುಗಳೇ ಕಾಂಡಗಳಾಗಿ ಹಬ್ಬುವ ಆ ಮರವನ್ನು ನೆಟ್ಟ ಮಹನೀಯರು ಕರ್ಮವೀರ ಭಾವೂರಾವ್ ಪಾಟೀಲರು. ಮಹಾರಾಷ್ಟ್ರದ ಜನ ಅವರನ್ನು ಪ್ರೀತಿಯಿಂದ ಅಣ್ಣಾ ಎಂದು ಕರೆದರು.

ಇಂದು ನಮ್ಮಲ್ಲಿ ಅನೇಕರು ತಮ್ಮ ಹುಟ್ಟೂರಿನ ಪ್ರೌಢಶಾಲೆಗೆ ಪುಸ್ತಕಗಳನ್ನೋ ವಿಜ್ಞಾನದ ಉಪಕರಣಗಳನ್ನೋ ಕೊಡಬೇಕೆಂದು ಬಯಸುತ್ತಾರೆ; ಕೆಲವರು ಕೊಡುತ್ತಲೂ ಇದ್ದಾರೆ. ಹಳ್ಳಿಗೆ ಹೈಸ್ಕೂಲು ಎಂಬುದೇ ಕನಸಾಗಿದ್ದ ಕಾಲದಲ್ಲಿ ಆ ಕನಸನ್ನು ನೂರಕ್ಕೂ ಹೆಚ್ಚು ಊರುಗಳಲ್ಲಿ ನಿಜವಾಗಿಸಿದವರ ಬದುಕನ್ನು ಅಂಥವರು ಒಮ್ಮೆ ನೆನೆಯುವುದು ಉಚಿತ. ಅದರಲ್ಲಿಯೂ ಅವರು ನಮಗೆ ತೀರ ಹೊರಗಿನವರಲ್ಲ.

ಮೂಡಬಿದಿರೆಯ ಬೇರು

ಭಾವೂರಾವ್ ಅವರ ಪೂರ್ವಜರು ದಕ್ಷಿಣ ಕನ್ನಡದ ಮೂಡಬಿದಿರೆಯ ಕಡೆಯವರೆಂದೂ, ತಲೆಮಾರುಗಳ ಹಿಂದೆ ಉತ್ತರಕ್ಕೆ ವಲಸೆ ಹೋಗಿ ಕೃಷ್ಣಾ-ವಾರಣಾ ನದಿಗಳ ಸೀಮೆಯಲ್ಲಿ ನೆಲೆನಿಂತರೆಂದೂ ಅವರ ಚರಿತ್ರೆಕಾರರು ಬರೆದಿದ್ದಾರೆ. ಮೂಡಬಿದಿರೆ ಜೈನರ ಪವಿತ್ರ ಕ್ಷೇತ್ರ; ಭಾವೂರಾವ್ ಅವರದೂ ಜೈನ ಕುಟುಂಬ. ತಂದೆಯ ಹೆಸರು ಪಾಯಗೊಂಡ, ಅಜ್ಜನ ಹೆಸರು ದೇವಗೊಂಡ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಭಾಗದ ಜೈನ ಹೆಸರುಗಳ ಕೊನೆಗೆ ಬರುವ ಈ ಗೊಂಡ ಎಂಬುದು ನಮ್ಮ ಗೌಡ ಶಬ್ದವೇ. ಮನೆಮಾತು ಮರಾಠಿಯಾದರೂ ಹೆಸರಿನಲ್ಲಿ ಕನ್ನಡ ಉಳಿದುಕೊಂಡಿತ್ತು.

ಅವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ತಾಯಿಯ ತವರಾದ ಕೊಲ್ಹಾಪುರ ಸಂಸ್ಥಾನದ ಕುಂಭೋಜ ಗ್ರಾಮದಲ್ಲಿ. ತಾಯಿ ಗಂಗಾಬಾಯಿ. ತಂದೆಯ ಊರು ಐತವಡೆ ಬುದ್ರುಕ್. ತಂದೆಗೆ ಕಂದಾಯ ಇಲಾಖೆಯಲ್ಲಿ ಗುಮಾಸ್ತಿಕೆ, ಆಗಾಗ ವರ್ಗ. ಹೀಗಾಗಿ ಬಾಲಕನ ಪ್ರಾಥಮಿಕ ಶಿಕ್ಷಣ ಬೇರೆ ಬೇರೆ ಊರುಗಳಲ್ಲಿ ನಡೆಯಿತು. ಪುಸ್ತಕಕ್ಕಿಂತ ಕುಸ್ತಿಯ ಕಣ, ಈಜು, ಗೆಳೆಯರ ಗುಂಪು ಅವರಿಗೆ ಪ್ರಿಯವಾಗಿದ್ದವು. ದೇಹ ಗಟ್ಟಿಮುಟ್ಟು, ಸ್ವಭಾವ ಹಟಮಾರಿ. ಅಸ್ಪೃಶ್ಯರೆನಿಸಿಕೊಂಡವರಿಗೆ ನೀರು ಸೇದಲು ಬಿಡದ ಬಾವಿಯೊಂದರ ರಾಟೆಯನ್ನೇ ಬಾಲಕ ಭಾವೂರಾವ್ ಕಿತ್ತೆಸೆದ ಸಂಗತಿ ಅವರ ಚರಿತ್ರೆಗಳಲ್ಲೆಲ್ಲ ಬರುತ್ತದೆ. ಮುಂದೆ ಅವರು ಮಾಡಿದ ಕೆಲಸವೆಲ್ಲ ಈ ಒಂದು ಘಟನೆಯ ವಿಸ್ತರಣೆಯಂತೆಯೇ ತೋರುತ್ತದೆ. ಅಂದು ಬಾವಿಯ ನೀರು, ಮುಂದೆ ಅಕ್ಷರ.

ಕೊಲ್ಹಾಪುರದ ದಿನಗಳು

ಮಾಧ್ಯಮಿಕ ಶಿಕ್ಷಣಕ್ಕಾಗಿ ಅವರನ್ನು ಕೊಲ್ಹಾಪುರದ ರಾಜಾರಾಮ್ ಹೈಸ್ಕೂಲಿಗೆ ಸೇರಿಸಲಾಯಿತು. ವಾಸ ದಿಗಂಬರ ಜೈನ ವಿದ್ಯಾರ್ಥಿನಿಲಯದಲ್ಲಿ. ಆಗ ಕೊಲ್ಹಾಪುರವನ್ನಾಳುತ್ತಿದ್ದವರು ಛತ್ರಪತಿ ಶಾಹೂ ಮಹಾರಾಜರು. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಬಂದು ಓದಬೇಕಾದರೆ ಶಾಲೆಗಿಂತ ಮೊದಲು ತಲೆಯ ಮೇಲೊಂದು ಸೂರು, ಹೊತ್ತಿಗೆ ಎರಡು ರೊಟ್ಟಿ ಬೇಕೆಂಬುದನ್ನು ಅರಿತಿದ್ದ ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸುತ್ತ ಬಂದಿದ್ದರು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯ ಆರಂಭವಾಯಿತು. ಅದರ ಉದ್ಘಾಟನಾ ಸಮಾರಂಭಕ್ಕೆ ಭಾವೂರಾವ್ ಹೋದರು. ಹಿಂತಿರುಗಿದಾಗ ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬರಬೇಕೆಂದು ಜೈನ ವಿದ್ಯಾರ್ಥಿನಿಲಯದವರು ಹೇಳಿದರು. ಹುಡುಗ ಒಪ್ಪಲಿಲ್ಲ. ವಿದ್ಯಾರ್ಥಿನಿಲಯದಿಂದ ಹೊರಹಾಕಲಾಯಿತು. ಆಗ ಅದರ ಮೇಲ್ವಿಚಾರಣೆ ನೋಡುತ್ತಿದ್ದವರು ಜೈನ ಸಮಾಜದ ಧುರೀಣ ಅಣ್ಣಾಸಾಹೇಬ ಲಠ್ಠೆಯವರು. ಮುಂದೆ ಬೆಳಗಾವಿಯಲ್ಲಿ ವಕೀಲಿ ಮಾಡಿ, ಕೊಲ್ಹಾಪುರದ ದಿವಾನರಾಗಿ, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದವರು ಇವರೇ.

ನೆಲೆ ತಪ್ಪಿದ ಹುಡುಗನಿಗೆ ಶಾಹೂ ಮಹಾರಾಜರ ಅರಮನೆಯ ಆಸರೆ ದೊರೆಯಿತು. ಮಹಾರಾಜರನ್ನು ಹತ್ತಿರದಿಂದ ಕಾಣುವ ಭಾಗ್ಯ ಸಿಕ್ಕಿತಾದರೂ ವಿದ್ಯೆ ಮಾತ್ರ ಮುಂದುವರಿಯಲಿಲ್ಲ. ಮೆಟ್ರಿಕ್ ಪರೀಕ್ಷೆಯನ್ನು ದಾಟದೆಯೇ ಅವರು ಶಾಲೆ ಬಿಟ್ಟರು. ಮೆಟ್ರಿಕ್ ಆಗದ ವ್ಯಕ್ತಿಯೊಬ್ಬರು ಮುಂದೆ ಸಾವಿರಾರು ಮಕ್ಕಳನ್ನು ಮೆಟ್ರಿಕ್ ದಾಟಿಸಿದರೆಂಬುದು ವಿಧಿಯ ವಿಚಿತ್ರ.

ಇದೇ ಸುಮಾರಿಗೆ ಕುಂಭೋಜದ ಪಾಟೀಲರ ಮನೆತನದ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ಸಂಸಾರ ನಡೆಸಲು ಸಾತಾರಾದಲ್ಲಿ ಮನೆಪಾಠ ಹೇಳತೊಡಗಿದರು; ಜನ ಪಾಟೀಲ ಮಾಸ್ತರರೆಂದು ಕರೆಯಲಾರಂಭಿಸಿದರು.

1914ರಲ್ಲಿ ಅವರ ಬದುಕನ್ನು ಅಲುಗಿಸಿದ ಪ್ರಸಂಗವೊಂದು ನಡೆಯಿತು. ಕೊಲ್ಹಾಪುರದಲ್ಲಿ ಬ್ರಿಟಿಷ್ ಚಕ್ರವರ್ತಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರತ್ತ ತಿರುಗಿತು. ಅವರ ವಿರುದ್ಧ ಸಾಕ್ಷಿ ನುಡಿಯುವಂತೆ ಭಾವೂರಾವ್ ಮೇಲೆ ಒತ್ತಡ ಬಂತು. ಹಿಂದೆ ತಮ್ಮನ್ನು ವಿದ್ಯಾರ್ಥಿನಿಲಯದಿಂದ ಹೊರಹಾಕಿದವರೇ ಈಗ ಸಿಕ್ಕಿಬಿದ್ದಿದ್ದಾರೆ; ಹಳೆಯ ಲೆಕ್ಕ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಭಾವೂರಾವ್ ಸುಳ್ಳು ಸಾಕ್ಷಿ ಹೇಳಲು ನಿರಾಕರಿಸಿದರು. ಅದರ ಫಲವಾಗಿ ತಾವೇ ಸೆರೆಮನೆ ಸೇರಿದರು. ಅಲ್ಲಿನ ಹಿಂಸೆ ತಾಳಲಾರದೆ ಜೀವ ಕಳೆದುಕೊಳ್ಳುವ ಯತ್ನಕ್ಕೂ ಇಳಿದರು. ಕೊನೆಗೆ ಬಿಡುಗಡೆಯಾಯಿತು. ಯಾರ ಮೇಲೂ ಹಗೆ ಇಟ್ಟುಕೊಳ್ಳದ, ಆದರೆ ತಾನು ನಂಬಿದ್ದನ್ನು ಬಿಡದ ಅವರ ಗುಣ ಇಲ್ಲಿ ಪುಟಕ್ಕಿಟ್ಟ ಚಿನ್ನದಂತೆ ಹೊರಬಂತು. ಶಾಹೂ ಮಹಾರಾಜರ ಸಂಸ್ಥಾನದಲ್ಲಿಯೇ ಇಂಥ ಕಷ್ಟ ಅನುಭವಿಸಿದ ಅವರು ಮುಂದೆ ತಮ್ಮ ವಿದ್ಯಾರ್ಥಿನಿಲಯಕ್ಕೆ ಶಾಹೂ ಮಹಾರಾಜರ ಹೆಸರನ್ನೇ ಇಟ್ಟರೆಂಬುದನ್ನು ಮರೆಯುವಂತಿಲ್ಲ.

ನೇಗಿಲು ಮಾರುತ್ತ ಕಂಡ ಹಳ್ಳಿ

ಮುಂದಿನ ಕೆಲವು ವರ್ಷ ಅವರು ಮಾರಾಟ ಪ್ರತಿನಿಧಿಯಾಗಿ ದುಡಿದರು. ಕಿರ್ಲೋಸ್ಕರ್ ಕಂಪನಿಯ ಕಬ್ಬಿಣದ ನೇಗಿಲುಗಳನ್ನೂ ಓಗಲೆ ಗಾಜಿನ ಕಾರ್ಖಾನೆಯ ಸಾಮಾನುಗಳನ್ನೂ ಹಳ್ಳಿಹಳ್ಳಿಗೆ ಒಯ್ದು ಮಾರುವುದು ಅವರ ಕೆಲಸ. ಕಿರ್ಲೋಸ್ಕರ್ ಉದ್ಯಮದ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಈಗಿನ ಕಿರ್ಲೋಸ್ಕರವಾಡಿಗೆ ಹೋಗಿ ಕಾರ್ಖಾನೆ ಕಟ್ಟಿದವರು. ಮರದ ನೇಗಿಲಿಗೆ ಒಗ್ಗಿದ್ದ ರೈತನಿಗೆ ಕಬ್ಬಿಣದ ನೇಗಿಲಿನ ಪ್ರಯೋಜನವನ್ನು ಮನಗಾಣಿಸುವುದು ಸುಲಭದ ಕೆಲಸವಾಗಿರಲಿಲ್ಲ.

ಈ ತಿರುಗಾಟವೇ ಭಾವೂರಾವ್ ಅವರ ನಿಜವಾದ ವಿಶ್ವವಿದ್ಯಾಲಯವಾಯಿತು. ರೈತರ ಜಗಲಿಗಳ ಮೇಲೆ ಕುಳಿತು, ಅವರ ಮನೆಯ ರೊಟ್ಟಿ ತಿಂದು, ಸಾಲಪತ್ರದಲ್ಲಿ ಬರೆದುದನ್ನು ಓದಲಾರದೆ ಹೆಬ್ಬೆಟ್ಟು ಒತ್ತುವವರ ಅಸಹಾಯಕತೆಯನ್ನು ಕಣ್ಣಾರೆ ಕಂಡರು. ಜ್ಯೋತಿಬಾ ಫುಲೆಯವರು 1873ರಲ್ಲಿ ಸ್ಥಾಪಿಸಿದ್ದ ಸತ್ಯಶೋಧಕ ಸಮಾಜದ ವಿಚಾರಗಳು ಆಗ ಈ ಭಾಗದ ಹಳ್ಳಿಗಳಲ್ಲಿ ಹರಡುತ್ತಿದ್ದವು. ಭಾವೂರಾವ್ ಅದರ ಕಾರ್ಯಕರ್ತರಾದರು. ಮುಂದೆ ಸಾತಾರಾದ ಕೂಪರ್ ಕಾರ್ಖಾನೆಯಲ್ಲಿಯೂ ಕೆಲಸ ಮಾಡಿದರು. ಲಾಭದ ಒಂದು ಪಾಲನ್ನು ವಿದ್ಯಾರ್ಥಿನಿಲಯಕ್ಕೆ ಕೊಡಿಸುವ ಮಾತು ನಡೆಯದೇ ಹೋದಾಗ ಆ ನೌಕರಿಯನ್ನು ತೊರೆದು ಹೊರಬಂದರು. ಹೀಗೆ ವ್ಯಾಪಾರದ ನಂಟು ಮುಗಿಯಿತಾದರೂ ಅದು ಕಲಿಸಿದ ವಿದ್ಯೆ ಉಳಿಯಿತು. ಅಪರಿಚಿತನ ಬಾಗಿಲಿಗೆ ಹೋಗಿ, ಸಂಕೋಚವಿಲ್ಲದೆ ಕೇಳಿ, ಇಲ್ಲವೆನಿಸಿಕೊಂಡರೂ ನಾಳೆ ಮತ್ತೆ ಹೋಗುವ ಆ ಛಲ ಇಲ್ಲದಿದ್ದರೆ ಒಂದು ಶಾಲೆಯೂ ಏಳುತ್ತಿರಲಿಲ್ಲ.

ಕಾಲೆ ಗ್ರಾಮದ ಬೀಜ, ಸಾತಾರಾದ ಸಸಿ

1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಎಂಬ ಸಣ್ಣ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಜನ್ಮ ತಾಳಿತು. ರಯತ್ ಎಂದರೆ ರೈತ, ಪ್ರಜೆ, ಸಾಮಾನ್ಯ ಜನ. ಹೆಸರಿನಲ್ಲಿಯೇ ಸಂಸ್ಥೆ ಯಾರದೆಂಬುದು ಸ್ಪಷ್ಟವಿತ್ತು. 1924ರಲ್ಲಿ ಅದರ ಕೇಂದ್ರ ಸಾತಾರಾಕ್ಕೆ ಬಂತು. ಅಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ದಲಿತ, ಮರಾಠಾ, ಜೈನ, ಮುಸಲ್ಮಾನ ಎಂಬ ಭೇದವಿಲ್ಲದೆ ಎಲ್ಲ ಮಕ್ಕಳೂ ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅಡಿಗೆ ಉಣ್ಣುವ ಏರ್ಪಾಡಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಹೂ ಮಹಾರಾಜರ ವಿದ್ಯಾರ್ಥಿನಿಲಯಗಳು ಕಾಲದ ಅನಿವಾರ್ಯತೆಯಿಂದ ಸಮುದಾಯಕ್ಕೊಂದರಂತೆ ಇದ್ದವು. ಭಾವೂರಾವ್ ಅವರು ಗುರುವಿನಿಂದ ಸೂರಿನ ಕಲ್ಪನೆಯನ್ನು ಪಡೆದು, ನಡುವಿನ ಗೋಡೆಗಳನ್ನು ಮಾತ್ರ ಕೈಬಿಟ್ಟರು. 1927ರ ಫೆಬ್ರವರಿ 25ರಂದು ಮಹಾತ್ಮಾ ಗಾಂಧಿಯವರು ಸಾತಾರಾಕ್ಕೆ ಬಂದು ಈ ನಿಲಯಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು. ಎಲ್ಲ ಜಾತಿಯ ಮಕ್ಕಳು ಸಹಜವಾಗಿ ಕೂಡಿ ಉಣ್ಣುವುದನ್ನು ಕಂಡು ಅವರು ಮನಸಾರೆ ಮೆಚ್ಚಿದರು. 1932ರ ಪುಣೆ ಒಪ್ಪಂದದ ನೆನಪಿಗಾಗಿ ಪುಣೆಯಲ್ಲಿಯೂ ಯೂನಿಯನ್ ಬೋರ್ಡಿಂಗ್ ಹೌಸ್ ಆರಂಭವಾಯಿತು.

ಖಾದಿಯ ಬಟ್ಟೆ, ಉದ್ದನೆಯ ಬಿಳಿ ಗಡ್ಡ, ಕೈಯಲ್ಲಿ ಕೋಲು. ಹಳ್ಳಿಯ ಸಂತೆಯಲ್ಲಿ, ಹೊಲದ ಬದುವಿನಲ್ಲಿ ಚುರುಕು ಕಣ್ಣಿನ ಹುಡುಗ ಕಂಡರೆ ಅವನ ತಂದೆತಾಯಿಗಳ ಮನವೊಲಿಸಿ ಜೊತೆಯಲ್ಲೇ ಕರೆತರುತ್ತಿದ್ದರು. ಹಣದ ಬದಲು ಕಾಳು, ಬೆಲ್ಲ, ಕಟ್ಟಿಗೆ ಯಾವುದನ್ನಾದರೂ ಸ್ವೀಕರಿಸುತ್ತಿದ್ದರು. ಅಡಿಗೆಗೆ ಮುನ್ನ ಪ್ರತಿ ಮನೆಯಾಕೆ ಒಂದು ಹಿಡಿ ಧಾನ್ಯವನ್ನು ಬೇರೆ ಗಡಿಗೆಯಲ್ಲಿ ಎತ್ತಿಡುವ ಮುಷ್ಟಿನಿಧಿಯ ಪದ್ಧತಿಯಿಂದ ವಿದ್ಯಾರ್ಥಿನಿಲಯಗಳ ಒಲೆ ಉರಿಯಿತು. ಹಿಡಿ ಜೋಳ ಕೊಟ್ಟ ಮನೆಗೆ ಶಾಲೆಯ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಒಂದು ಅಭಿಮಾನವೂ ಹುಟ್ಟುತ್ತದೆ.

ಲಕ್ಷ್ಮೀಬಾಯಿಯವರ ಮಂಗಳಸೂತ್ರ

ಈ ಕಥೆಯಲ್ಲಿ ಲಕ್ಷ್ಮೀಬಾಯಿಯವರ ಪಾತ್ರ ಭಾವೂರಾವ್ ಅವರ ಪಾತ್ರಕ್ಕಿಂತ ಕಿರಿದಲ್ಲ. ಸ್ಥಿತಿವಂತ ಮನೆಯಲ್ಲಿ ಹುಟ್ಟಿ, ಮಡಿಮೈಲಿಗೆಯ ಕಟ್ಟುಪಾಡಿನಲ್ಲಿ ಬೆಳೆದ ಹೆಣ್ಣುಮಗಳು ಅವರು. ಗಂಡ ಒಂದೊಂದಾಗಿ ಮನೆಗೆ ಕರೆತಂದ ಮಕ್ಕಳ ಜಾತಿಯನ್ನು ಮರೆತು ಅವರ ತಾಯಿಯಾಗುವುದು ಅವರಿಗೆ ಒಂದು ದಿನದಲ್ಲಿ ಸಾಧ್ಯವಾಗಿರಲಾರದು. ಆದರೆ ಆದರು. ಮಕ್ಕಳ ಜ್ವರಕ್ಕೆ, ಹಸಿವಿಗೆ, ಊರಿನ ನೆನಪಿನ ಅಳುವಿಗೆ ಅವರೇ ದಿಕ್ಕಾದರು. ವಿದ್ಯಾರ್ಥಿನಿಲಯದ ಖರ್ಚಿಗೆಂದು ಮೈಮೇಲಿನ ಒಡವೆಗಳು ಒಂದೊಂದಾಗಿ ಕರಗಿದವು.

ಒಮ್ಮೆ ಭಾವೂರಾವ್ ಊರಲ್ಲಿರಲಿಲ್ಲ. ಉಗ್ರಾಣದಲ್ಲಿ ಕಾಳಿಲ್ಲ, ಕೈಯಲ್ಲಿ ಕಾಸಿಲ್ಲ, ಮಕ್ಕಳು ಹಸಿದಿದ್ದಾರೆ. ಉಳಿದಿದ್ದುದು ಕೊರಳಿನ ಮಂಗಳಸೂತ್ರ ಮಾತ್ರ. ಲಕ್ಷ್ಮೀಬಾಯಿಯವರು ಅದನ್ನೂ ಮಾರಲು ಕೊಟ್ಟು ಮಕ್ಕಳಿಗೆ ಊಟ ಹಾಕಿದರು. ಅಂದಿನ ಸಮಾಜದಲ್ಲಿ ಮುತ್ತೈದೆಯೊಬ್ಬಳಿಗೆ ಇದೆಂಥ ನಿರ್ಧಾರವೆಂಬುದನ್ನು ನಮ್ಮ ಮನೆಯ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆಗೆ ದೊಡ್ಡ ಹೆಸರು ಬರುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಪ್ರೌಢಶಾಲೆಯೆಂಬ ದೊಡ್ಡ ಹೆಜ್ಜೆ

ಆ ಕಾಲದ ಹಳ್ಳಿಯ ಹುಡುಗನಿಗೆ ಪ್ರಾಥಮಿಕ ಶಾಲೆ ಹೇಗೋ ಸಿಗುತ್ತಿತ್ತು. ಅಲ್ಲಿಂದ ಮುಂದೆ ದಾರಿ ಕಡಿದುಹೋಗುತ್ತಿತ್ತು. ಹೈಸ್ಕೂಲು ಇದ್ದುದು ಪಟ್ಟಣದಲ್ಲಿ. ಶುಲ್ಕ, ಇಂಗ್ಲಿಷ್ ಪುಸ್ತಕ, ಬಾಡಿಗೆ ಕೋಣೆ, ಊಟ ಇವೆಲ್ಲ ರೈತನ ಶಕ್ತಿಗೆ ಮೀರಿದ್ದು. ಭಾವೂರಾವ್ ಮೊದಲು ಊಟ ಮತ್ತು ಸೂರಿನ ಸಮಸ್ಯೆಯನ್ನು ವಿದ್ಯಾರ್ಥಿನಿಲಯಗಳಿಂದ ಬಿಡಿಸಿದರು. ನಂತರ ಶಿಕ್ಷಕರ ಸಮಸ್ಯೆ. 1935ರಲ್ಲಿ ಸಾತಾರಾದಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿಗಾಗಿ ಸಿಲ್ವರ್ ಜ್ಯುಬಿಲಿ ಟ್ರೇನಿಂಗ್ ಕಾಲೇಜನ್ನು ತೆರೆದರು. ಅಲ್ಲಿಂದ ಹೊರಬಂದ ಶಿಕ್ಷಕರನ್ನು ಶಾಲೆಯಿಲ್ಲದ ಊರುಗಳಿಗೆ ಕಳಿಸಿ ನೂರಾರು ಸ್ವಯಂಸೇವಾ ಶಾಲೆಗಳನ್ನು ಆರಂಭಿಸಿದರು. ಮೂರನೆಯದು ಪ್ರೌಢಶಾಲೆ. 1940ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಹೆಸರಿನಲ್ಲಿ ಸಾತಾರಾದಲ್ಲಿ ಹೈಸ್ಕೂಲು ತೆರೆಯಿತು. ಶುಲ್ಕವಿಲ್ಲದೆ, ವಸತಿಯೊಡನೆ, ದುಡಿದು ಕಲಿಯುವ ಪದ್ಧತಿಯ ಪ್ರೌಢಶಾಲೆ ಅದು. ಸಯಾಜಿರಾಯರು ತಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ, ಹಳ್ಳಿಹಳ್ಳಿಗೆ ಗ್ರಂಥಾಲಯಗಳನ್ನು ಒಯ್ದ ಪುಣ್ಯಾತ್ಮರು; ಹಳ್ಳಿಯ ಮಕ್ಕಳ ಹೈಸ್ಕೂಲಿಗೆ ಅದಕ್ಕಿಂತ ಸೂಕ್ತವಾದ ಹೆಸರು ದೊರೆಯಲಾರದು.

ಪ್ರಾಥಮಿಕ ಶಾಲೆಯನ್ನು ದೇವಸ್ಥಾನದ ಪೌಳಿಯಲ್ಲಿಯೋ ಮರದ ನೆರಳಲ್ಲಿಯೋ ನಡೆಸಬಹುದು. ಪ್ರೌಢಶಾಲೆಯ ವಿಷಯ ಬೇರೆ. ಸರಕಾರದ ಮಾನ್ಯತೆ ಮತ್ತು ಅನುದಾನ ದೊರೆಯಬೇಕಾದರೆ ಕಟ್ಟಡ ಬೇಕು, ಪದವಿ ಪಡೆದ ಶಿಕ್ಷಕರು ಬೇಕು, ಪುಸ್ತಕ ತುಂಬಿದ ಕಪಾಟು ಬೇಕು, ಭೂಪಟಗಳು ಬೇಕು, ವಿಜ್ಞಾನದ ಪಾಠಕ್ಕೆ ತಕ್ಕಡಿ, ಗಾಜಿನ ನಳಿಕೆ, ಉಷ್ಣಮಾಪಕ, ಆಯಸ್ಕಾಂತಗಳು ಬೇಕು. ಇದರಲ್ಲಿ ಊರಿನವರು ತಾವೇ ಒದಗಿಸಬಹುದಾದದ್ದು ಯಾವುದು, ಪೇಟೆಯಿಂದ ನಗದು ಕೊಟ್ಟು ತರಬೇಕಾದದ್ದು ಯಾವುದು ಎಂದು ವಿಂಗಡಿಸಿ ನೋಡಿದರೆ ಭಾವೂರಾವ್ ಅವರ ಸ್ವಾವಲಂಬನೆಯ ಒಳಗುಟ್ಟು ತಿಳಿಯುತ್ತದೆ. ಕಲ್ಲು ಊರಿನ ಬೆಟ್ಟದಲ್ಲಿದೆ, ಮರ ಊರಿನ ಹೊಲದಲ್ಲಿದೆ, ಧಾನ್ಯ ಊರಿನ ಕಣಜದಲ್ಲಿದೆ, ದುಡಿಯುವ ಕೈಗಳು ಹುಡುಗರವು. ಆದರೆ ಅಚ್ಚಾದ ಪುಸ್ತಕವನ್ನು ಹೊಲದಲ್ಲಿ ಬೆಳೆಯಲಾಗದು. ಗಾಜಿನ ನಳಿಕೆಯನ್ನು ಕಲ್ಲಿನಿಂದ ಕಡೆಯಲಾಗದು. ಕೈಯಿಂದ ಆಗುವುದನ್ನೆಲ್ಲ ಕೈಯಿಂದಲೇ ಮಾಡಿಕೊಂಡರೆ, ಬೇಡಿ ತಂದ ಅಲ್ಪ ಹಣ ಕೈಯಿಂದ ಆಗದ ವಸ್ತುಗಳಿಗೆ ಉಳಿಯುತ್ತದೆ.

ಅವರ ವಿದ್ಯಾರ್ಥಿಗಳು ಪಾಳು ನೆಲವನ್ನು ಉತ್ತು ತೋಟ ಮಾಡಿದರು, ಬಾವಿ ತೋಡಿದರು, ಕಲ್ಲು ಒಡೆದರು, ಸರದಿಯ ಮೇಲೆ ಅಡಿಗೆ ಮಾಡಿದರು, ತಾವು ಓದುವ ಕೋಣೆಗಳ ಗೋಡೆಯನ್ನು ತಾವೇ ಎತ್ತಿದರು. ದುಡಿದು ಕಲಿ ಎಂಬ ಈ ಯೋಜನೆ ಕೇವಲ ಖರ್ಚು ಉಳಿಸುವ ಉಪಾಯವಾಗಿರಲಿಲ್ಲ. ಓದಿದವನು ಮಣ್ಣು ಮುಟ್ಟಬಾರದು, ಮಣ್ಣು ಮುಟ್ಟುವವನು ಓದಬಾರದು ಎಂಬ ಹಳೆಯ ಕಟ್ಟಳೆಗೆ ಅದು ನೇರವಾದ ಉತ್ತರವಾಗಿತ್ತು. ಜೊತೆಗೆ, ದಾನದ ಅನ್ನವನ್ನು ಉಣ್ಣುತ್ತಿದ್ದೇನೆಂಬ ಕುಗ್ಗು ಹುಡುಗನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ.

ಹೆಸರಿನ ಪ್ರಶ್ನೆ, ಅನುದಾನದ ಪ್ರಶ್ನೆ

1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಅದಕ್ಕೆ ದೊಡ್ಡ ಮೊತ್ತದ ದೇಣಿಗೆ ಕೊಡಲು ಶ್ರೀಮಂತರೊಬ್ಬರು ಮುಂದೆ ಬಂದರು. ಕಾಲೇಜಿನ ಹೆಸರನ್ನು ಬದಲಿಸಬೇಕೆಂಬುದು ಅವರ ಷರತ್ತು. ಕೈಯಲ್ಲಿ ಹಣವಿಲ್ಲದ ಹೊತ್ತು. ಆದರೂ ಭಾವೂರಾವ್ ಒಪ್ಪಲಿಲ್ಲ. ತಮ್ಮ ಸ್ವಂತ ತಂದೆಯ ಹೆಸರನ್ನು ಬೇಕಾದರೆ ಬದಲಿಸಿಯೇನು, ಶಿವಾಜಿ ಮಹಾರಾಜರ ಹೆಸರನ್ನು ಬದಲಿಸಲಾರೆನೆಂಬ ಅರ್ಥದಲ್ಲಿ ಉತ್ತರ ಕೊಟ್ಟು ಕಳಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಕೊಡುವವನ ಕೈ ಮೇಲಿದ್ದರೂ ಶಾಲೆಯ ತಲೆ ತಗ್ಗಬಾರದೆಂಬುದು ಅವರ ನಿಲುವು.

1948ರ ಜನವರಿಯಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ಶೋಕಭರಿತರಾದ ಭಾವೂರಾವ್ ಮಹಾತ್ಮರ ಸ್ಮರಣೆಗಾಗಿ ಗ್ರಾಮೀಣ ಭಾಗದಲ್ಲಿ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪ ಮಾಡಿದರು. ಒಂದು ಹೈಸ್ಕೂಲು ನಡೆಸುವುದೇ ಕಷ್ಟವಿದ್ದ ಕಾಲದಲ್ಲಿ ನೂರೊಂದರ ಮಾತು ಹಲವರಿಗೆ ಹುಚ್ಚೆಂದು ತೋರಿರಬೇಕು. ಅದೇ ಸಮಯಕ್ಕೆ ಮತ್ತೊಂದು ಪೆಟ್ಟು ಬಿತ್ತು. ಸರಕಾರದ ನೀತಿಗಳನ್ನು ಅವರು ಬಹಿರಂಗವಾಗಿ ಟೀಕಿಸಿದರೆಂಬ ಕಾರಣಕ್ಕೆ ಬಾಳಾಸಾಹೇಬ ಖೇರರ ಮುಂಬಯಿ ಸರಕಾರ ಸಂಸ್ಥೆಯ ಅನುದಾನವನ್ನು ನಿಲ್ಲಿಸಿಬಿಟ್ಟಿತು. ಶಿಕ್ಷಕರ ಸಂಬಳ, ಮಕ್ಕಳ ಊಟ, ಶಾಲೆಗಳ ಸಾಮಗ್ರಿ ಎಲ್ಲವೂ ತೂಗುಯ್ಯಾಲೆಯಲ್ಲಿ ಬಿದ್ದವು.

ಭಾವೂರಾವ್ ಒಂದು ಶಾಲೆಯನ್ನೂ ಮುಚ್ಚಲೊಪ್ಪಲಿಲ್ಲ. ಮತ್ತೆ ಜೋಳಿಗೆ ಹಿಡಿದು ಜನರ ಬಾಗಿಲಿಗೆ ಹೋದರು. ಹಳ್ಳಿಗಳು ಧಾನ್ಯ ಕೊಟ್ಟವು. ಶಿಕ್ಷಕರು ಸಂಬಳಕ್ಕೆ ಕಾದರು. ಹಳೆಯ ವಿದ್ಯಾರ್ಥಿಗಳು ಕೈಲಾದಷ್ಟು ಕಳಿಸಿದರು. ಪೊರಕೆ ಹಿಡಿದು ಊರೂರು ಗುಡಿಸುತ್ತ ಜನರಿಗೆ ವಿವೇಕ ಹೇಳುತ್ತಿದ್ದ ಸಂತ ಗಾಡಗೆ ಮಹಾರಾಜರು ಅವರ ಆಪ್ತರು. ಬಡವರ ಮಕ್ಕಳ ಶಾಲೆಗೆ ಅನ್ಯಾಯವಾಗಬಾರದೆಂದು ಸಂತರೇ ಮುಖ್ಯಮಂತ್ರಿಗಳ ಬಳಿ ಮಾತೆತ್ತಿದರು. ಕೊನೆಗೆ ಅನುದಾನ ಮರಳಿ ಬಂತು. ಆ ಋಣವನ್ನು ಭಾವೂರಾವ್ ಮರೆಯಲಿಲ್ಲ. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಸದ್ಗುರು ಗಾಡಗೆ ಮಹಾರಾಜರ ಹೆಸರಿಟ್ಟರು. ಸ್ವತಃ ಶಾಲೆಯ ಮೆಟ್ಟಿಲು ಹತ್ತದ ಸಂತರ ಹೆಸರಿನಲ್ಲಿ ಕಾಲೇಜು! 1955ರಲ್ಲಿ ಪ್ರೌಢಶಾಲಾ ಶಿಕ್ಷಕರನ್ನು ತಯಾರಿಸಲು ಆಜಾದ್ ಶಿಕ್ಷಣ ಮಹಾವಿದ್ಯಾಲಯವೂ ಆರಂಭವಾಯಿತು. ಹಳ್ಳಿಯ ಹೈಸ್ಕೂಲಿಗೆ ಉಪಕರಣ ಕೊಟ್ಟರೆ ಸಾಲದು, ಅದನ್ನು ಮುಟ್ಟಿ ಕಲಿಸಬಲ್ಲ ಗುರುವೂ ಬೇಕೆಂಬ ಅರಿವು ಇದರ ಹಿಂದಿತ್ತು.

ಕೊನೆಯ ದಿನಗಳು

ಭಾವೂರಾವ್ ಅವರ ನೆರಳಿನಲ್ಲಿ ಬೆಳೆದ ಹುಡುಗರು ದೊಡ್ಡವರಾದರು. ಅವರಲ್ಲೊಬ್ಬರಾದ ಪಿ. ಜಿ. ಪಾಟೀಲರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಿ, ಹಿಂತಿರುಗಿ ವಕೀಲಿಯ ಸಂಪತ್ತನ್ನು ಬಯಸದೆ ಸಂಸ್ಥೆಯ ಕಾಲೇಜಿನಲ್ಲಿಯೇ ದುಡಿದು, ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಬಿಳಲು ಕಾಂಡವಾಗುವುದೆಂದರೆ ಇದೇ.

1959ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಮೆಟ್ರಿಕ್ ದಾಟದವರು ಡಾಕ್ಟರ್ ಆದರು. ಆ ಹೊತ್ತಿಗೆ ದೇಹ ಸೋತಿತ್ತು. 1959ರ ಮೇ 9ರಂದು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಸಾತಾರಾದಲ್ಲಿ ಅವರ ಸಮಾಧಿಯಿದೆ. ಅವರು ಕಣ್ಣು ಮುಚ್ಚಿದಾಗ ನೂರಕ್ಕೂ ಹೆಚ್ಚು ಪ್ರೌಢಶಾಲೆಗಳು, ಹಲವು ತರಬೇತಿ ಕೇಂದ್ರಗಳು, ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಲಯಗಳು ನಡೆಯುತ್ತಿದ್ದವು. ಗಾಂಧೀಜಿಯ ಹೆಸರಿನಲ್ಲಿ ಮಾಡಿದ ನೂರೊಂದರ ಸಂಕಲ್ಪ ಬರಿಯ ಮಾತಾಗಿ ಉಳಿಯಲಿಲ್ಲ. 1988ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. 2019ರಲ್ಲಿ ನೂರು ವರ್ಷ ತುಂಬಿದ ರಯತ್ ಶಿಕ್ಷಣ ಸಂಸ್ಥೆಗೆ ಇಂದು ಏಳುನೂರಕ್ಕೂ ಹೆಚ್ಚು ಶಾಖೆಗಳಿವೆ. ಅವು ಮಹಾರಾಷ್ಟ್ರದ ಅನೇಕ ಜಿಲ್ಲೆಗಳಲ್ಲಿಯೂ ಗಡಿಯಾಚೆ ನಮ್ಮ ಕರ್ನಾಟಕದಲ್ಲಿಯೂ ಹಬ್ಬಿವೆ. ಮೂಡಬಿದಿರೆಯಿಂದ ಹೊರಟ ಬೇರು ಹೀಗೆ ಸುತ್ತಿ ಕನ್ನಡ ನೆಲವನ್ನು ಮತ್ತೆ ಮುಟ್ಟಿದೆ.

ನಮಗೆ ಉಳಿದ ಪಾಠ

ಇಂಥ ಕೆಲಸ ನಮ್ಮವರಿಗೂ ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಉತ್ತರ ಕನ್ನಡದ ಹಳ್ಳಿಗಳಿಗೆ ಹೈಸ್ಕೂಲುಗಳನ್ನು ಕೊಟ್ಟರು. ಪಟ್ಟಣದಲ್ಲಿ ನಿಂತು ಊರಿನತ್ತ ಕೈ ಚಾಚುವುದು ಹೊರನಾಡ ಕನ್ನಡಿಗರ ಹಳೆಯ ಸಂಪ್ರದಾಯವೇ ಆಗಿದೆ.

ಆದರೆ ಕೊಡುವ ರೀತಿಯಲ್ಲಿ ಕರ್ಮವೀರರಿಂದ ಕಲಿಯಬೇಕಾದದ್ದು ಇನ್ನೂ ಇದೆ. ಪಟ್ಟಣದಿಂದ ಪೆಟ್ಟಿಗೆಯಲ್ಲಿ ಬಂದ ಪುಸ್ತಕಗಳೂ ಸೂಕ್ಷ್ಮದರ್ಶಕಗಳೂ ಫೋಟೋ ತೆಗೆಸಿಕೊಂಡ ಮರುದಿನ ಬೀಗ ಹಾಕಿದ ಕಪಾಟಿನಲ್ಲಿ ಧೂಳು ತಿನ್ನುವುದುಂಟು. ಒಡೆದರೆ ಯಾರು ಹೊಣೆ ಎಂಬ ಭಯ ಒಂದು ಕಾರಣ. ಇದು ನಮ್ಮದೆಂಬ ಭಾವ ಊರಿಗೆ ಬಾರದಿರುವುದು ಇನ್ನೊಂದು ಕಾರಣ. ಭಾವೂರಾವ್ ಮೊದಲು ಊರಿನಿಂದ ಒಂದು ಹಿಡಿ ಧಾನ್ಯ ಕೇಳಿದರು, ಹುಡುಗನಿಂದ ಒಂದು ಗಂಟೆಯ ದುಡಿಮೆ ಕೇಳಿದರು. ಹಿಡಿಧಾನ್ಯ ಕೊಟ್ಟ ತಾಯಿ ಶಾಲೆಗೆ ಬಂದು ಮಗನ ಪಾಠವೇನೆಂದು ಕೇಳುತ್ತಾಳೆ. ಗೋಡೆ ಕಟ್ಟಿದ ಹುಡುಗ ಆ ಗೋಡೆಯೊಳಗಿನ ಪುಸ್ತಕವನ್ನು ಹರಿಯುವುದಿಲ್ಲ. ನಮ್ಮೂರ ಶಾಲೆಗೆ ಕೊಡುವಾಗ ಅಲ್ಲಿಯ ಶಿಕ್ಷಕರಿಗೆ ಏನು ಬೇಕೆಂದು ಮೊದಲು ವಿಚಾರಿಸುವುದು, ಊರಿನವರದೂ ಒಂದು ಪಾಲಿರುವಂತೆ ನೋಡಿಕೊಳ್ಳುವುದು, ಕೊಟ್ಟ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗಿ ಕಪಾಟಿನ ಬಾಗಿಲು ತೆರೆದಿದೆಯೇ ಎಂದು ನೋಡಿ ಬರುವುದು ಇಷ್ಟಾದರೂ ನಮ್ಮಿಂದ ಸಾಧ್ಯ.

ಮುಂದಿನ ಸಲ ಊರಿಗೆ ಹೊರಟಾಗ ಸಾತಾರಾದ ಬಳಿ ಆಲದ ಮರದ ಆ ಫಲಕ ಕಂಡರೆ ಮಕ್ಕಳಿಗೆ ಒಂದು ಮಾತು ಹೇಳೋಣ. ಬಾವಿಯ ರಾಟೆಯನ್ನು ಕಿತ್ತೆಸೆದ ಹುಡುಗನೊಬ್ಬನಿದ್ದ; ಕೊರಳ ಮಂಗಳಸೂತ್ರವನ್ನು ಮಾರಿ ಪರರ ಮಕ್ಕಳಿಗೆ ಉಣಬಡಿಸಿದ ತಾಯಿಯೊಬ್ಬಳಿದ್ದಳು; ಅವರಿಬ್ಬರ ಋಣ ಈ ದಾರಿಯ ಎರಡೂ ಬದಿಯ ಹಳ್ಳಿಗಳ ಮೇಲಿದೆ ಎಂದು.